ಗುಂಡಿ ಫೋನೂ ಟಚ್ ಫೋನೂ: ಒಕ್ಕಲಿಗನ ದೃಷ್ಟಿಯಿಂದ ತುಲನೆ

ಹೊಸ ಉಪಕರಣವೊಂದು ಊರಿಗೆ ಬಂದಾಗ ಅದನ್ನು ಕೊಳ್ಳಬೇಕೋ ಬಿಡಬೇಕೋ ಎಂಬ ಪ್ರಶ್ನೆಯು ಒಕ್ಕಲಿಗನಿಗೆ ಹೊಸದಲ್ಲ. ಕಟ್ಟಿಗೆಯ ರಂಟೆಯ ಮಗ್ಗುಲಲ್ಲಿ ಕಬ್ಬಿಣದ ನೇಗಿಲು ಬಂದು ನಿಂತಾಗ ಈ ಪ್ರಶ್ನೆ ಎದ್ದಿತ್ತು. ಕಪಿಲೆಯ ಬಾವಿಗೆ ಎಣ್ಣೆಯ ಇಂಜಿನು ಬಂದಾಗಲೂ ಎದ್ದಿತ್ತು. ಆಗೆಲ್ಲ ಅನುಭವಸ್ಥರಾದ ಒಕ್ಕಲಿಗರು ಒಂದೇ ರೀತಿಯನ್ನು ಅನುಸರಿಸಿದರು. ಹೊಸದೆಂದು ಹಿಗ್ಗಲಿಲ್ಲ, ಹಳೆಯದೆಂದು ಬಿಸಾಡಲಿಲ್ಲ. ತಮ್ಮ ನೆಲದಲ್ಲಿ, ತಮ್ಮ ಎತ್ತುಗಳಿಂದ, ತಮ್ಮ ಕೈಯಿಂದಲೇ ನಡೆಸಿ ನೋಡಿ, ಖರ್ಚನ್ನೂ ಹುಟ್ಟುವಳಿಯನ್ನೂ ತೂಗಿ, ಆಮೇಲೆ ತೀರ್ಮಾನಕ್ಕೆ ಬಂದರು. ಇಂದು ಅದೇ ರೀತಿಯ ಪರೀಕ್ಷೆಗೆ ಒಳಗಾಗಬೇಕಾದ ಉಪಕರಣವು ಅಂಗಿಯ ಕಿಸೆಯಲ್ಲಿ ಕೂಡ್ರುವಂಥದು. ಬೆರಳಿನಿಂದ ಗಾಜನ್ನು ಸವರಿ ನಡೆಸುವ ಟಚ್ ಫೋನು ಒಂದು ಕಡೆಗೆ. ಗುಂಡಿಗಳನ್ನು ಒತ್ತಿ ನಡೆಸುವ, ಕೀಪ್ಯಾಡ್ ಮೊಬೈಲ್ ಎಂದೂ ಕರೆಯಲ್ಪಡುವ ಗುಂಡಿ ಫೋನು ಇನ್ನೊಂದು ಕಡೆಗೆ. ಇವೆರಡರಲ್ಲಿ ಒಕ್ಕಲಿಗನಿಗೆ ಯಾವದು ಮೇಲು ಎಂಬದನ್ನು ಇಲ್ಲಿ ವಿಚಾರಿಸಲಾಗಿದೆ.

ವಿಚಾರಕ್ಕೆ ಒಂದು ಊರನ್ನು ಕಣ್ಣ ಮುಂದೆ ಇಟ್ಟುಕೊಳ್ಳುವದು ಒಳ್ಳೆಯದು. ವಿಜಯಪುರದಿಂದ ನೈಋತ್ಯಕ್ಕೆ ಸುಮಾರು 22 ಮೈಲು ದೂರದಲ್ಲಿ, ಈಗಿನ ಬಬಲೇಶ್ವರ ತಾಲೂಕಿನಲ್ಲಿರುವ ಮಮದಾಪುರವು ಹೋಬಳಿಯ ಊರು. ಮಹಮ್ಮದ ಆದಿಲಶಾಹನು 1633ರಲ್ಲಿ ಕಟ್ಟಿಸಿದ ದೊಡ್ಡ ಕೆರೆಯಿಂದ ಈ ಊರಿಗೆ ಹೆಸರು ಬಂದಿದೆ. ಮಳೆಯನ್ನೇ ನಂಬಿದ ಎರೆಹೊಲಗಳಲ್ಲಿ ತೊಗರಿ, ಬಿಳಿಜೋಳ, ಕಡಲೆ ಮೊದಲಾದವೂ, ನೀರಾವರಿಯ ಆಸರೆಯಿರುವಲ್ಲಿ ಕಬ್ಬು, ದ್ರಾಕ್ಷಿ, ಮೆಕ್ಕೆಜೋಳಗಳೂ ಈ ಸೀಮೆಯಲ್ಲಿ ಬೆಳೆಯುವವು. ಒಂದೇ ಊರಿನಲ್ಲಿ ಒಣಬೇಸಾಯದವನೂ ತೋಟದವನೂ ಇರುವದರಿಂದ ಒಬ್ಬನಿಗೆ ಸರಿಯಾದ ಉಪಕರಣವು ಇನ್ನೊಬ್ಬನಿಗೂ ಸರಿಯೆಂದು ಹೇಳಲು ಬಾರದು. 1933ರಲ್ಲಿ ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನೆಯು ಆರಂಭವಾದಾಗಲೂ ಇದೇ ತತ್ವವು ಆಧಾರವಾಗಿತ್ತು. ಬೇರೆ ಸೀಮೆಯಲ್ಲಿ ಒಳ್ಳೆಯದೆನಿಸಿದ ಪದ್ಧತಿಯನ್ನು ಈ ನೆಲದಲ್ಲಿ, ಈ ಮಳೆಯಲ್ಲಿ ಪರೀಕ್ಷಿಸಿದ ಮೇಲೆಯೇ ಒಕ್ಕಲಿಗನಿಗೆ ಹೇಳತಕ್ಕದ್ದು.

ಎರಡು ಉಪಕರಣಗಳ ಪೂರ್ವವೃತ್ತ

ಭಾರತದಲ್ಲಿ ಮೊದಲನೆಯ ಮೊಬೈಲ್ ಕರೆಯು 1995ರ ಜುಲೈ 31ರಂದು ಕಲಕತ್ತೆಯಿಂದ ದಿಲ್ಲಿಗೆ ಹೋಯಿತು. ಆಗಿನ ಉಪಕರಣಗಳೆಲ್ಲ ಗುಂಡಿಯವೇ. ಮಾತಿನ ದರವು ಬಹಳವಾಗಿದ್ದುದರಿಂದ ಹಳ್ಳಿಗೆ ಅವು ಬರಲು ಹಲವು ವರ್ಷಗಳು ಹಿಡಿದವು. 2003ರಲ್ಲಿ ನೋಕಿಯಾ ಕಂಪನಿಯು 1100 ಎಂಬ ಫೋನನ್ನು ಹೊರತಂದಿತು. ಧೂಳು ಒಳಗೆ ಹೋಗದಂತೆ ಗುಂಡಿಗಳ ಮೇಲೆ ಒಂದೇ ಹೊದಿಕೆ, ಕೈಯಿಂದ ಜಾರದಂಥ ಮೈ, ನೆತ್ತಿಯಲ್ಲಿ ಒಂದು ಚಿಕ್ಕ ಬ್ಯಾಟರಿ ದೀಪ, ಇವು ಅದರ ವಿಶೇಷಗಳು. ಜಗತ್ತಿನಲ್ಲಿ ಇಪ್ಪತ್ತೈದು ಕೋಟಿಗೂ ಮಿಕ್ಕಿ ಮಾರಾಟವಾದ ಈ ಉಪಕರಣದ ಗುಣಗಳು ರಾತ್ರಿಯ ಹೊತ್ತು ಪಂಪು ಹಚ್ಚಲು ಹೊಲಕ್ಕೆ ಹೋಗುವವನಿಗೆ ಬೇಕಾದ ಗುಣಗಳೇ ಆಗಿದ್ದವು. ಗುಂಡಿ ಫೋನು ಒಕ್ಕಲಿಗನ ಕಿಸೆಯಲ್ಲಿ ನೆಲೆಸಿದ್ದು ಈ ಕಾಲದಲ್ಲಿ.

ಬೆರಳು ತಾಗಿಸಿ ನಡೆಸುವ ಫೋನು ಕೂಡ ತಿಳಿದಷ್ಟು ಹೊಸದಲ್ಲ. ಐಬಿಎಂ ಕಂಪನಿಯ ಸೈಮನ್ ಎಂಬ ಉಪಕರಣವು 1994ರಲ್ಲಿಯೇ ಅಮೇರಿಕೆಯಲ್ಲಿ ಮಾರಾಟಕ್ಕೆ ಬಂದಿತ್ತು. ಆದರೆ ಅದು ಜನಸಾಮಾನ್ಯರ ವಸ್ತುವಾದದ್ದು 2007ರ ಜೂನಿನಲ್ಲಿ ಐಫೋನ್ ಮಾರಾಟಕ್ಕೆ ಬಂದ ಮೇಲೆ. 2008ರ ಅಕ್ಟೋಬರದಲ್ಲಿ ಆಂಡ್ರಾಯ್ಡ್ ಪದ್ಧತಿಯ ಮೊದಲನೆಯ ಫೋನು ಹೊರಬಿದ್ದು, ಹಲವು ಕಂಪನಿಗಳು ಆ ಪದ್ಧತಿಯನ್ನು ಹಿಡಿದುದರಿಂದ ಬೆಲೆಯು ವರ್ಷ ವರ್ಷಕ್ಕೆ ಇಳಿಯಿತು. 2017ರಿಂದೀಚೆಗೆ ಕನ್ನಡದಲ್ಲಿ ಮಾತನಾಡಿದರೆ ಅದನ್ನು ಅಕ್ಷರವಾಗಿ ಬರೆದುಕೊಳ್ಳುವ ಸೌಕರ್ಯವೂ ಈ ಫೋನುಗಳಿಗೆ ಸೇರಿತು. ಗುಂಡಿ ಫೋನೂ ಸುಮ್ಮನೆ ಕುಳಿತಿಲ್ಲ. 2017ರಲ್ಲಿ ಜಿಯೋ ಫೋನು, 2023ರಲ್ಲಿ 999 ರೂಪಾಯಿ ಬೆಲೆಯ ಜಿಯೋ ಭಾರತ ಫೋನು ಇವು ಗುಂಡಿಗಳನ್ನು ಉಳಿಸಿಕೊಂಡೇ 4ಜಿ ಜಾಲಕ್ಕೆ ಸೇರಿದವು. ಆದುದರಿಂದ ಇಂದಿನ ಸ್ಪರ್ಧೆಯು ಸತ್ತದ್ದಕ್ಕೂ ಬದುಕಿದ್ದಕ್ಕೂ ನಡೆದದ್ದಲ್ಲ. ಬದುಕಿರುವ ಎರಡು ಉಪಕರಣಗಳ ನಡುವಿನದು.

ಹೊಲದಲ್ಲಿ ಎರಡರ ನಡತೆ

ಅಂಗಡಿಯ ಕಟ್ಟೆಯ ಮೇಲೆ ಎರಡೂ ಫೋನುಗಳು ಚೆನ್ನಾಗಿಯೇ ಕಾಣುವವು. ವ್ಯತ್ಯಾಸವು ತಿಳಿಯುವದು ಹೊಲದಲ್ಲಿ.

ಟಚ್ ಫೋನಿನ ಗಾಜಿನ ಕೆಳಗೆ ವಿದ್ಯುತ್ತನ್ನು ಹಾಯಿಸುವ ಅತಿ ತೆಳುವಾದ, ಕಣ್ಣಿಗೆ ಕಾಣದ ಪದರವಿರುವದು. ಮನುಷ್ಯನ ಬೆರಳು ಕೂಡ ವಿದ್ಯುತ್ತಿಗೆ ದಾರಿ ಕೊಡುವ ವಸ್ತುವಾದುದರಿಂದ ಬೆರಳು ತಾಗಿದ ಸ್ಥಳದಲ್ಲಿ ಆ ಪದರದ ವಿದ್ಯುತ್ತು ತುಸು ಬದಲಾಗುವದು. ಯಂತ್ರವು ಆ ಬದಲಾವಣೆಯಿಂದ ಸ್ಥಳವನ್ನು ತಿಳಿದುಕೊಳ್ಳುವದು. ಈ ತತ್ವವನ್ನರಿತರೆ ಅದರ ದೋಷಗಳೂ ತಾವಾಗಿಯೇ ತಿಳಿಯುವವು. ಕುಂಟೆ, ಕುಡುಗೋಲುಗಳನ್ನು ಹಿಡಿದು ದಡ್ಡುಗಟ್ಟಿ ಒಣಗಿದ ಬೆರಳನ್ನೂ ಕೆಸರು ಮೆತ್ತಿದ ಬೆರಳನ್ನೂ ಗಾಜು ಒಮ್ಮೊಮ್ಮೆ ಗುರುತಿಸಲಾರದು. ಔಷಧ ಸಿಂಪಡಿಸುವಾಗ ಧರಿಸಬೇಕಾದ ಕೈಚೀಲದ ಬೆರಳನ್ನು ಅದು ಸಾಮಾನ್ಯವಾಗಿ ಗುರುತಿಸುವದಿಲ್ಲ. ಇದಕ್ಕೆ ವಿರುದ್ಧವಾಗಿ ಮಳೆಯ ಹನಿ ಬಿದ್ದರೆ ನೀರನ್ನೇ ಬೆರಳೆಂದು ಭ್ರಮಿಸಿ ಬೇಡದ ಕೆಲಸವನ್ನು ಮಾಡುವದುಂಟು. ಗುಂಡಿ ಫೋನಿಗೆ ಈ ತೊಂದರೆಗಳಿಲ್ಲ. ಒತ್ತಿದ ಗುಂಡಿ ಒತ್ತಿದಂತೆಯೇ. ಕತ್ತಲೆಯಲ್ಲಿ ಬೆರಳ ಸ್ಪರ್ಶದಿಂದಲೇ 5ರ ಗುಂಡಿಯ ಮೇಲಿನ ಉಬ್ಬನ್ನು ಹುಡುಕಿ, ಕಣ್ಣು ಹಾಯಿಸದೆ ಮನೆಗೆ ಕರೆ ಮಾಡಬಹುದು.

ಬಿಸಿಲಿನ ವಿಷಯವನ್ನು ಈ ಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ. ವಿಜಯಪುರ ಜಿಲ್ಲೆಯಲ್ಲಿ ಬೇಸಿಗೆಯ ಉಷ್ಣಮಾನವು 40 ಅಂಶ ಸೆಂಟಿಗ್ರೇಡನ್ನು ಮೀರುವದು ಸಾಮಾನ್ಯ. ಫೋನಿನ ಲಿಥಿಯಂ ಬ್ಯಾಟರಿಗಳಿಗೆ ಹೆಚ್ಚಿನ ಕಾವು ಶತ್ರುವಿದ್ದಂತೆ. ಟ್ರ್ಯಾಕ್ಟರಿನ ಮುಂದುಗಡೆ ಬಿಸಿಲಿಗಿಟ್ಟ ಟಚ್ ಫೋನು ತಾನೇ ಆರಿಹೋಗುವದೂ, ಅದರ ಬ್ಯಾಟರಿಯ ಬಾಳಿಕೆ ಕಡಿಮೆಯಾಗುವದೂ ಇದರಿಂದಲೇ. ಮೇಲಾಗಿ ನಡು ಮಧ್ಯಾಹ್ನದಲ್ಲಿ ಅದರ ಪರದೆಯನ್ನು ಓದಬೇಕಾದರೆ ಬೆಳಕನ್ನು ಪೂರ್ತಿ ಹೆಚ್ಚಿಸಬೇಕು. ಬೆಳಕು ಹೆಚ್ಚಿಸಿದರೆ ಚಾರ್ಜು ಬೇಗ ಇಳಿಯುವದು. ಟಚ್ ಫೋನನ್ನು ದಿನಕ್ಕೊಮ್ಮೆ ಚಾರ್ಜಿಗೆ ಹಚ್ಚಬೇಕಾಗುವದು. ಮಿತವಾಗಿ ಬಳಸಿದ ಗುಂಡಿ ಫೋನು ಹಲವು ದಿನ ನಡೆಯುವದು. ತೋಟದ ಮನೆಯಲ್ಲಿರುವವರಿಗೆ, ಕರೆಂಟು ಪಾಳಿಯ ಮೇಲೆ ಬರುವಲ್ಲಿ, ಇದು ಚಿಕ್ಕ ಗುಣವಲ್ಲ.

ಕೈಯಿಂದ ಜಾರಿ ಬಿದ್ದಾಗಿನ ಹಾನಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗುಂಡಿ ಫೋನು ಒಡ್ಡಿನ ಕಲ್ಲಿನ ಮೇಲೆ ಬಿದ್ದರೆ ಬಹುಶಃ ಮುಚ್ಚಳವೂ ಬ್ಯಾಟರಿಯೂ ಬೇರೆಯಾಗಿ ಬೀಳುವವು. ಕೂಡಿಸಿದರೆ ಮತ್ತೆ ನಡೆಯುವದು. ಟಚ್ ಫೋನಿನ ಗಾಜು ಸೀಳಿದರೆ ರಿಪೇರಿಯ ಖರ್ಚು ಕೆಲವೊಮ್ಮೆ ಫೋನಿನ ಅರ್ಧ ಬೆಲೆಗೂ ಸಮೀಪಕ್ಕೆ ಬರುವದು.

ಹೀಗೆ ಮೈಗಟ್ಟಿನಲ್ಲಿಯೂ ಸರಳತೆಯಲ್ಲಿಯೂ ಗುಂಡಿ ಫೋನೇ ಮೇಲೆಂಬದು ಸ್ಪಷ್ಟ. ಆದರೆ ಎತ್ತಿನ ಬೆಲೆಯನ್ನು ಮೈಕಟ್ಟಿನಿಂದಷ್ಟೇ ಕಟ್ಟಲಾಗದು. ಅದು ಎಳೆಯುವ ಭಾರವನ್ನೂ ನೋಡಬೇಕು.

ಗುಂಡಿ ಫೋನಿನಿಂದ ಆಗುವ ಕೆಲಸಗಳು

ಟಚ್ ಫೋನಿಲ್ಲದಿದ್ದರೆ ಸರಕಾರದ ಸೌಕರ್ಯಗಳೆಲ್ಲ ತಪ್ಪಿಹೋಗುವವೆಂಬ ಭಯವು ಅನೇಕ ರೈತರಲ್ಲಿದೆ. ಈ ಭಯಕ್ಕೆ ಪೂರ್ಣ ಆಧಾರವಿಲ್ಲ. ಕೇವಲ ಮಾತಿನಿಂದ ಆಗತಕ್ಕ ಕೆಲಸಗಳ ಪಟ್ಟಿಯು ತಿಳಿದುದಕ್ಕಿಂತ ಉದ್ದವಾಗಿದೆ.

2004ರ ಜನವರಿಯಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿಗೆ 1800-180-1551 ಸಂಖ್ಯೆಯಿಂದ ದುಡ್ಡಿಲ್ಲದೆ ಕರೆ ಮಾಡಿ, ಬೆಳಿಗ್ಗೆ 6ರಿಂದ ರಾತ್ರಿ 10 ಗಂಟೆಯವರೆಗೆ ಬೆಳೆಯ ರೋಗ, ಗೊಬ್ಬರ, ಬೀಜಗಳ ಬಗ್ಗೆ ಕನ್ನಡದಲ್ಲಿಯೇ ಕೇಳಬಹುದು. ಮಳೆ ಗಾಳಿಗಳ ಸುದ್ದಿಗಾಗಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ 92433 45433 ಇರುವದು. ದನಕರುಗಳಿಗೆ ಅವಘಡವಾದರೆ 1962 ಸಂಖ್ಯೆಯು ಪಶುವೈದ್ಯ ವಾಹನದ್ದು. ಬೆಳೆವಿಮೆಯ ಬಗ್ಗೆ ವಿಚಾರಿಸಲೂ ಹಾನಿಯನ್ನು ತಿಳಿಸಲೂ 14447 ಸಂಖ್ಯೆ ಇರುವದು. ವಿಮೆಯ ನಿಯಮದಂತೆ ಆಣೆಕಲ್ಲು ಮೊದಲಾದ ಸ್ಥಳೀಯ ವಿಪತ್ತಿನಿಂದ ಹಾನಿಯಾದರೆ, ಇಲ್ಲವೆ ಕೊಯ್ದು ಹೊಲದಲ್ಲಿ ಒಣಹಾಕಿದ ಬೆಳೆಯು ಅಕಾಲದ ಮಳೆಗೆ ಸಿಕ್ಕರೆ, 72 ತಾಸುಗಳೊಳಗಾಗಿ ತಿಳಿಸಬೇಕಾಗುವದು. ಈ ಕೆಲಸವು ಗುಂಡಿ ಫೋನಿನ ಒಂದು ಕರೆಯಿಂದ ಆಗುವಂಥದು. ಆಣೆಕಲ್ಲು ಬಿದ್ದ ದಿನ ಟಚ್ ಫೋನುಳ್ಳ ಮಗನು ಪಟ್ಟಣದಿಂದ ಬರಲೆಂದು ಕಾಯುತ್ತ ಮೂರು ದಿನ ಕಳೆಯುವದು ತಪ್ಪು.

ಬ್ಯಾಂಕಿನ ವ್ಯವಹಾರದಲ್ಲಿಯೂ ಗುಂಡಿ ಫೋನು ಪೂರ್ಣ ಹಿಂದುಳಿದಿಲ್ಲ. 2022ರ ಮಾರ್ಚಿಯಲ್ಲಿ ರಿಝರ್ವ್ ಬ್ಯಾಂಕು ಗುಂಡಿ ಫೋನಿನವರಿಗಾಗಿಯೇ ಯುಪಿಐ 123ಪೇ ಎಂಬ ಪದ್ಧತಿಯನ್ನು ಆರಂಭಿಸಿತು. *99# ಎಂದು ಒತ್ತಿ, ಅಂತರ್ಜಾಲವಿಲ್ಲದೆ, ಖಾತೆಯ ಶಿಲ್ಕನ್ನು ನೋಡುವ ಪದ್ಧತಿಯು ಅದಕ್ಕೂ ಹಿಂದಿನದು. ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ ಜಮೆಯಾದ ಸಂದೇಶವೂ, ಆಧಾರದ ದೃಢೀಕರಣಕ್ಕೆ ಬರುವ ಗುಪ್ತ ಸಂಖ್ಯೆಯಾದ ಒಟಿಪಿಯೂ ಗುಂಡಿ ಫೋನಿಗೇ ಬರುವವು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಆಧಾರಕ್ಕೂ ಬ್ಯಾಂಕಿಗೂ ರೈತರ ನೋಂದಣಿಯಾದ ಫ್ರೂಟ್ಸ್ ದಾಖಲೆಗೂ ಜೋಡಿಸಲ್ಪಟ್ಟಿರುವದು ಫೋನಲ್ಲ, ಫೋನಿನ ಸಂಖ್ಯೆ. ಉಪಕರಣವನ್ನು ಹತ್ತು ಸಲ ಬದಲಾಯಿಸಿದರೂ ಚಿಂತೆಯಿಲ್ಲ. ಸಂಖ್ಯೆಯು ಕೈಬಿಟ್ಟುಹೋದರೆ ಚಿಂತೆಯುಂಟು. ರೀಚಾರ್ಜು ಮಾಡಿಸದೆ ಬಹುಕಾಲ ಬಿಟ್ಟ ಸಂಖ್ಯೆಯನ್ನು ಕಂಪನಿಗಳು ಹಿಂದಕ್ಕೆ ಪಡೆದು ಬೇರೊಬ್ಬರಿಗೆ ಕೊಡುವವು. ಆಗ ಒಕ್ಕಲಿಗನ ಹಣದ ಸಂದೇಶವೂ ಗುಪ್ತ ಸಂಖ್ಯೆಯೂ ಪರರ ಕೈಗೆ ಹೋಗುವವು. ಆದ್ದರಿಂದ ಯಾವ ಫೋನು ಕೊಳ್ಳಬೇಕೆಂದು ಯೋಚಿಸುವದಕ್ಕೆ ಮೊದಲು, ದಾಖಲೆಗಳಿಗೆ ಜೋಡಿಸಿದ ಸಂಖ್ಯೆಯು ಯಾರ ಹೆಸರಿನಲ್ಲಿದೆ, ಯಾರ ಕಿಸೆಯಲ್ಲಿದೆ, ಜೀವಂತವಾಗಿದೆಯೋ ಇಲ್ಲವೋ ಎಂಬದನ್ನು ನೋಡಿಕೊಳ್ಳತಕ್ಕದ್ದು.

ಟಚ್ ಫೋನಿನಿಂದಲೇ ಆಗತಕ್ಕ ಕೆಲಸಗಳು

ಕಣ್ಣಿನ ಸಹಾಯ ಬೇಕಾದ ಕೆಲಸಗಳಲ್ಲಿ ಗುಂಡಿ ಫೋನು ಸೋಲುವದು. 2018ರ ಮೇ ತಿಂಗಳಲ್ಲಿ ಶಿವಮೊಗ್ಗೆಯ ಮೆಕ್ಕೆಜೋಳದ ಹೊಲಗಳಲ್ಲಿ ಒಂದು ಹೊಸ ಸೈನಿಕ ಹುಳುವು ಭಾರತದಲ್ಲಿಯೇ ಮೊದಲನೆಯ ಸಲ ಕಂಡುಬಂದಿತು. ಬೇಗನೆ ಅದು ಮೆಕ್ಕೆಜೋಳ ಬೆಳೆಯುವ ಸೀಮೆಗಳಿಗೆಲ್ಲ ಹಬ್ಬಿತು. ಆ ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಗುರುತೂ, ಬಾಲದ ಸಮೀಪದಲ್ಲಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳೂ ಇರುವವು. ಇವನ್ನು ಮಾತಿನಲ್ಲಿ ವರ್ಣಿಸಿ ತಜ್ಞರಿಗೆ ತಿಳಿಸುವದು ಕಷ್ಟ. ಒಂದು ಸ್ಪಷ್ಟ ಫೋಟೋ ಕಳಿಸಿದರೆ ನಿಮಿಷದಲ್ಲಿ ನಿರ್ಣಯವಾಗುವದು. ದ್ರಾಕ್ಷಿಯ ಎಲೆಯ ಮೇಲಿನ ಬೂದಿರೋಗವೋ ಬೂಜುರೋಗವೋ ಎಂಬದನ್ನು ತಪ್ಪಾಗಿ ತಿಳಿದು ಬೇಡದ ಔಷಧ ಸಿಂಪಡಿಸಿದರೆ ಆಗುವ ಖರ್ಚು ತೋಟದವರಿಗೆ ಗೊತ್ತಿದ್ದದ್ದೇ. ಹವಾಮಾನ ಇಲಾಖೆಯ ಮೇಘದೂತ ಆ್ಯಪು, ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಆ್ಯಪು, ನಿಂತ ಸ್ಥಳದ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪು ಇವೂ ಟಚ್ ಫೋನಿನ ಲಾಭಗಳೇ.

ಆದರೆ ಇವೆಲ್ಲಕ್ಕಿಂತಲೂ ಹೆಚ್ಚಿನ ಮಹತ್ವವುಳ್ಳ ಕೆಲಸವು ಬೆಳೆ ಸಮೀಕ್ಷೆ. ಹಿಂದಿನ ಕಾಲದಲ್ಲಿ ಯಾವ ಹೊಲದಲ್ಲಿ ಯಾವ ಬೆಳೆಯಿದೆಯೆಂಬದನ್ನು ಗ್ರಾಮಾಧಿಕಾರಿಯು ಬರೆಯುತ್ತಿದ್ದನು. 2020ರ ಮುಂಗಾರಿನಿಂದ ಕರ್ನಾಟಕದಲ್ಲಿ ರೈತನೇ ತನ್ನ ಹೊಲದ ಬೆಳೆಯನ್ನು ಆ್ಯಪಿನ ಮೂಲಕ ದಾಖಲಿಸುವ ಅವಕಾಶವನ್ನು ಸರಕಾರವು ಕೊಟ್ಟಿತು. ಹೊಲದಲ್ಲಿ ನಿಂತು, ಸರ್ವೆ ನಂಬರನ್ನು ಆರಿಸಿ, ಬೆಳೆಯ ಹೆಸರು, ಕ್ಷೇತ್ರ, ನೀರಾವರಿಯ ಬಗೆ ಇವನ್ನು ತುಂಬಿ, ಬೆಳೆಯ ಫೋಟೋ ತೆಗೆದು ಕಳಿಸುವದೇ ಇದರ ಕ್ರಮ. ರೈತನು ಮಾಡದೆ ಬಿಟ್ಟ ಹೊಲಗಳಲ್ಲಿ ಈ ಕೆಲಸಕ್ಕೆ ನೇಮಿಸಲ್ಪಟ್ಟ ಅದೇ ಊರಿನ ಖಾಸಗಿ ನಿವಾಸಿಗಳು ಸಮೀಕ್ಷೆ ಮಾಡುವರು.

ಹೀಗೆ ದಾಖಲಾದ ಬೆಳೆಯು ಪಹಣಿಯ ಬೆಳೆ ಕಾಲಮಿಗೆ ಹೋಗುವದು. ಅತಿವೃಷ್ಟಿ, ಅನಾವೃಷ್ಟಿಗಳ ಪರಿಹಾರಕ್ಕೂ, ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿಯ ನೋಂದಣಿಗೂ, ಬೆಳೆವಿಮೆಯ ಪರಿಶೀಲನೆಗೂ ಅದೇ ಆಧಾರವಾಗುವದು. ಒಂದು ಉದಾಹರಣೆಯನ್ನು ಕಲ್ಪಿಸಬಹುದು. ಎರೆಹೊಲದ ನಾಲ್ಕು ಎಕರೆಯಲ್ಲಿ ತೊಗರಿ ಬಿತ್ತಿದ ಒಬ್ಬ ಒಕ್ಕಲಿಗನು ಮುಂಗಾರಿ ಬೆಳೆಗೆ ನಿಯಮದಂತೆ ವಿಮೆಯ ಮೊತ್ತದ ಶೇಕಡಾ 2ರಷ್ಟು ಕಂತು ಕಟ್ಟಿರುವನು. ಅವನ ಬಳಿ ಟಚ್ ಫೋನಿಲ್ಲ. ನೆರೆಯವರಾರೋ ಬದುವಿನ ಆಚೆ ನಿಂತು, ಪಕ್ಕದ ಹೊಲದ ಮೆಕ್ಕೆಜೋಳದ ಫೋಟೋ ತೆಗೆದು, ಅವನ ಸರ್ವೆ ನಂಬರಿಗೆ ಮೆಕ್ಕೆಜೋಳವೆಂದು ತುಂಬಿ ಕಳಿಸುವರು. ಅದು ದ್ವೇಷದಿಂದಾದದ್ದಲ್ಲ, ಅವಸರದಿಂದಾದದ್ದು. ಮಳೆ ಕೈಕೊಟ್ಟು ತೊಗರಿ ಒಣಗಿದಾಗ ವಿಮೆಯ ಅರ್ಜಿಯಲ್ಲಿ ತೊಗರಿ, ಸಮೀಕ್ಷೆಯಲ್ಲಿ ಮೆಕ್ಕೆಜೋಳ. ಎರಡೂ ಹೊಂದದ ಅರ್ಜಿಯು ತಿರಸ್ಕಾರದ ಪಟ್ಟಿಗೆ ಸೇರುವದು. ತೊಗರಿಯೇನೋ ಒಂದಷ್ಟು ಬಂದು ಅವನು ಅದನ್ನು ಬೆಂಬಲ ಬೆಲೆಗೆ ಕೊಡಲು ಹೋದರೂ ದಾಖಲೆಯು ಅವನು ತೊಗರಿ ಬೆಳೆದೇ ಇಲ್ಲವೆನ್ನುವದು. ಬಿತ್ತಿದವನು ಅವನು, ಕಂತು ಕಟ್ಟಿದವನು ಅವನು, ಬೆಳೆ ಕಳೆದುಕೊಂಡವನೂ ಅವನೇ. ಆದರೂ ಬೆರಳೊಂದರ ತಪ್ಪಿನಿಂದ ಅವನ ಮಾತಿಗೆ ಸಾಕ್ಷಿಯಿಲ್ಲದಂತಾಗುವದು.

ಇದರಿಂದ ಟಚ್ ಫೋನಿನ ನಿಜವಾದ ಬೆಲೆಯು ಯಾವದರಲ್ಲಿದೆಯೆಂಬದು ತಿಳಿಯುವದು. ಅದು ಹೊಲದ ದಾಖಲೆಯನ್ನು ಬರೆಯುವ ಲೇಖನಿ. ಲೇಖನಿಯು ಯಾರ ಕೈಯಲ್ಲಿದ್ದರೂ ನಡೆಯುವದು. ಆದರೆ ಬರೆಯುವಾಗ ಹೊಲದ ಒಡೆಯನು ಸ್ಥಳದಲ್ಲಿ ನಿಂತಿರಬೇಕು. ಟಚ್ ಫೋನಿಲ್ಲದವರು ಊರಿನ ತರುಣರ ಸಹಾಯ ಪಡೆಯಬಹುದೆಂದು ಆರಂಭದಿಂದಲೂ ಹೇಳಲಾಗಿದೆ. ಸಹಾಯ ಪಡೆಯುವದೆಂದರೆ ಕೆಲಸವನ್ನು ಒಪ್ಪಿಸಿ ಮನೆಯಲ್ಲಿ ಕೂಡ್ರುವದೆಂದಲ್ಲ.

ಸಮೀಕ್ಷೆಯ ಕಾಲದಲ್ಲಿ ಅನುಸರಿಸತಕ್ಕ ಕ್ರಮವು ಹೀಗಿದೆ: ಜಾಲವು ಚೆನ್ನಾಗಿರುವಲ್ಲಿ ಮೊದಲೇ ಆ್ಯಪನ್ನು ಇಳಿಸಿ ಸಿದ್ಧಪಡಿಸಿಕೊಳ್ಳತಕ್ಕದ್ದು. ಬೆಳಿಗ್ಗೆ ಇಲ್ಲವೆ ಇಳಿಹೊತ್ತಿನಲ್ಲಿ ಹೋದರೆ ಪರದೆಯನ್ನು ಓದಲು ಸುಲಭ. ಆಕಾಶದ ಉಪಗ್ರಹಗಳಿಂದ ಸ್ಥಳವನ್ನು ಗೊತ್ತುಮಾಡುವ ಜಿಪಿಎಸ್ ಪದ್ಧತಿಯಲ್ಲಿ ಕೆಲವು ಮೀಟರುಗಳ ವ್ಯತ್ಯಾಸವು ಸಹಜ. ಆದುದರಿಂದ ಬದುವಿನ ಮೇಲಾಗಲಿ ಮರದ ಕೆಳಗಾಗಲಿ ನಿಲ್ಲದೆ ಹೊಲದ ನಡುವೆ ನಿಂತು, ಸ್ಥಳವು ಸ್ಥಿರವಾಗುವವರೆಗೆ ತುಸು ತಡೆಯಬೇಕು. ಅಕ್ಕಡಿಯಾಗಿ ಎರಡು ಬೆಳೆ ಇದ್ದರೆ ಎರಡನ್ನೂ ಕ್ಷೇತ್ರ ಸಹಿತ ತುಂಬಬೇಕು. ಕಳಿಸುವ ಮುನ್ನ ಸರ್ವೆ ನಂಬರು, ಬೆಳೆಯ ಹೆಸರು, ಕ್ಷೇತ್ರ ಈ ಮೂರನ್ನು ಗಟ್ಟಿಯಾಗಿ ಓದಿಸಿ ಕೇಳಬೇಕು. ಕಳಿಸಿದ ಮೇಲೆ ಬೆಳೆ ದರ್ಶಕ ಆ್ಯಪಿನಲ್ಲಿ ದಾಖಲಾದ ವಿವರವನ್ನು ನೋಡಿ, ತಪ್ಪು ಕಂಡರೆ ಗೊತ್ತುಪಡಿಸಿದ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಇಲ್ಲವೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತಿಳಿಸಬೇಕು. ಅವಧಿ ಮೀರಿದ ಮೇಲೆ ನ್ಯಾಯವಿದ್ದರೂ ದಾರಿ ಕಿರಿದಾಗುವದು.

ಖರ್ಚಿನ ಲೆಕ್ಕ

ಯಾವ ಉಪಕರಣದ ವಿಚಾರವೂ ಲೆಕ್ಕವಿಲ್ಲದೆ ಪೂರ್ಣವಾಗುವದಿಲ್ಲ. ಕೆಳಗಿನವು ಸುಮಾರಾದ ಅಂಕಿಗಳು. ಪ್ರತಿಯೊಬ್ಬನೂ ತನ್ನ ಊರಿನ ಅಂಗಡಿಯ ದರಗಳನ್ನು ಹಾಕಿ ನೋಡಿಕೊಳ್ಳಬಹುದು.

ಗುಂಡಿ ಫೋನಿನ ಬೆಲೆ 1,500 ರೂಪಾಯಿ, ಬಾಳಿಕೆ ನಾಲ್ಕು ವರ್ಷವೆಂದು ಹಿಡಿದರೆ ವರ್ಷಕ್ಕೆ 375 ರೂಪಾಯಿ ಬೀಳುವದು. ಮಾತು ಮತ್ತು ಸಂದೇಶಗಳಿಗೆ ಮಾತ್ರವಿರುವ ರೀಚಾರ್ಜಿಗೆ ವರ್ಷಕ್ಕೆ ಸುಮಾರು 1,900 ಸೇರಿಸಿದರೆ ಒಟ್ಟು 2,275 ರೂಪಾಯಿ. ಇಂಥ ರೀಚಾರ್ಜುಗಳನ್ನು ಪ್ರತ್ಯೇಕವಾಗಿ ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರ ಡಿಸೆಂಬರದಲ್ಲಿ ಕಂಪನಿಗಳಿಗೆ ವಿಧಿಸಿತು. ಅದಕ್ಕೂ ಮೊದಲು ಅಂತರ್ಜಾಲವನ್ನು ಎಂದೂ ಬಳಸದವರು ಕೂಡ ಅದರ ದುಡ್ಡು ತೆರುತ್ತಿದ್ದರು. ಅಂಗಡಿಯಲ್ಲಿ ಕೇಳದೆ ಇಂಥ ರೀಚಾರ್ಜು ತಾನಾಗಿ ಸಿಗಲಿಕ್ಕಿಲ್ಲ. ಹೆಸರು ಹೇಳಿ ಕೇಳಿ ಪಡೆಯಬೇಕು.

ಟಚ್ ಫೋನಿನ ಬೆಲೆ 9,000 ರೂಪಾಯಿ, ಬಾಳಿಕೆ ಮೂರು ವರ್ಷವೆಂದರೆ ವರ್ಷಕ್ಕೆ 3,000; ಅಂತರ್ಜಾಲ ಸಹಿತ ರೀಚಾರ್ಜಿಗೆ ಸುಮಾರು 3,600; ಒಟ್ಟು 6,600 ರೂಪಾಯಿ. ಎರಡರ ನಡುವಿನ ಅಂತರವು 4,325 ರೂಪಾಯಿ. 2025-26ನೆಯ ಸಾಲಿಗೆ ಮಾಲದಂಡಿ ಜೋಳದ ಬೆಂಬಲ ಬೆಲೆಯು ಕ್ವಿಂಟಲಿಗೆ 3,749 ರೂಪಾಯಿ. ಎಂದರೆ, ಟಚ್ ಫೋನು ಪ್ರತಿ ವರ್ಷವೂ ಒಂದು ಕ್ವಿಂಟಲಿಗಿಂತ ಹೆಚ್ಚಿನ ಜೋಳವನ್ನು ಹೆಚ್ಚಾಗಿ ತಿನ್ನುವ ಎತ್ತು. ಅಷ್ಟು ತಿಂದದ್ದಕ್ಕೆ ಅಷ್ಟು ದುಡಿದರೆ ಅದು ಕೊಟ್ಟಿಗೆಯಲ್ಲಿರಲಿ. ಹಾಡು ಕುಣಿತಗಳನ್ನು ತೋರಿಸಿ ಹೊತ್ತು ಕಳೆಯುವದಕ್ಕೆ ಮಾತ್ರವಾದರೆ ಆ ಖರ್ಚನ್ನು ಒಕ್ಕಲುತನದ ಲೆಕ್ಕಕ್ಕೆ ಹಾಕಬಾರದು.

ಮನೆಯಲ್ಲಿ ಮೂವರಿಗೆ ಫೋನು ಬೇಕಾಗಿದೆಯೆಂದು ಹಿಡಿಯೋಣ. ಮೂರೂ ಟಚ್ ಫೋನುಗಳಾದರೆ ವರ್ಷಕ್ಕೆ 19,800 ರೂಪಾಯಿ. ಒಂದು ಟಚ್ ಫೋನು, ಎರಡು ಗುಂಡಿ ಫೋನುಗಳಾದರೆ 11,150. ಉಳಿತಾಯವು 8,650 ರೂಪಾಯಿ. ಅದೇ ಸಾಲಿನ ತೊಗರಿಯ ಬೆಂಬಲ ಬೆಲೆಯು ಕ್ವಿಂಟಲಿಗೆ 8,000 ರೂಪಾಯಿ ಎಂಬದನ್ನು ನೆನೆದರೆ ಈ ಉಳಿತಾಯದ ತೂಕವು ತಾನೇ ತಿಳಿಯುವದು.

ಟಚ್ ಫೋನು ಕೊಳ್ಳುವವರು ತಮ್ಮೊಳಗೆ ಆಂಡ್ರಾಯ್ಡೋ ಐಫೋನೋ ಎಂದು ಚರ್ಚಿಸುವದುಂಟು. ಒಕ್ಕಲುತನಕ್ಕೆ ಬೇಕಾದ ಕೆಲಸಗಳೆಲ್ಲ ಸಾಧಾರಣ ಬೆಲೆಯ ಆಂಡ್ರಾಯ್ಡ್ ಫೋನಿನಿಂದಲೇ ಆಗುವವು. ಹೆಚ್ಚಿನ ಬೆಲೆಯು ಇಳುವರಿಯನ್ನು ಹೆಚ್ಚಿಸುವದಿಲ್ಲ. ಬ್ಯಾಟರಿ ದೊಡ್ಡದಿರಬೇಕು, ಪರದೆಯು ಬಿಸಿಲಿನಲ್ಲಿ ಓದುವಂತಿರಬೇಕು, ಅಂಗಡಿಯಿಂದ ಹೊರಗೆ ತಂದು ಬಿಸಿಲಲ್ಲಿ ಹಿಡಿದು ನೋಡಿಯೇ ಕೊಳ್ಳಬೇಕು. ತನ್ನ ಹೊಲದಲ್ಲಿ ಯಾವ ಕಂಪನಿಯ ಜಾಲವು ಸಿಗುವದೆಂಬದನ್ನು ಮೊದಲೇ ತಿಳಿಯಬೇಕು. ಗುಂಡಿ ಫೋನು ಕೊಳ್ಳುವವರು ಅದು 2ಜಿಯದೋ 4ಜಿಯದೋ ಎಂದು ಕೇಳಬೇಕು; ಜಿಯೋ ಕಂಪನಿಗೆ 2ಜಿ ಜಾಲವಿಲ್ಲದ್ದರಿಂದ ಆ ಸಿಮ್ಮು ಹಳೆಯ 2ಜಿ ಫೋನಿನಲ್ಲಿ ನಡೆಯುವದಿಲ್ಲ.

ಮೋಸದಿಂದ ಎಚ್ಚರಿಕೆ

ಬಾಗಿಲು ದೊಡ್ಡದಾದಷ್ಟು ಕಾವಲೂ ಹೆಚ್ಚು ಬೇಕು. ಪಿಎಂ ಕಿಸಾನ್ ಮೊದಲಾದ ಯೋಜನೆಗಳ ಹೆಸರಿನಲ್ಲಿ ವಾಟ್ಸಾಪಿನ ಮೂಲಕ ಎಪಿಕೆ ಎಂಬ ಫೈಲುಗಳನ್ನು ಕಳಿಸಿ, ಅವನ್ನು ಒತ್ತಿದ ಕೂಡಲೇ ಫೋನಿನೊಳಗೆ ನುಸುಳಿ, ಬ್ಯಾಂಕಿನ ಗುಪ್ತ ಸಂಖ್ಯೆಗಳನ್ನು ಕದ್ದು ಹಣ ಸೆಳೆಯುವ ಮೋಸಗಾರರಿದ್ದಾರೆ. ಈ ಬಗೆಯ ಮೋಸಕ್ಕೆ ಟಚ್ ಫೋನೇ ಗುರಿ. ಸಾದಾ ಗುಂಡಿ ಫೋನಿನಲ್ಲಿ ಇಂಥ ಫೈಲುಗಳು ನಡೆಯುವದಿಲ್ಲ. ಹಾಗೆಂದು ಗುಂಡಿ ಫೋನಿನವರು ನಿಶ್ಚಿಂತರಾಗುವಂತಿಲ್ಲ. ಬ್ಯಾಂಕಿನವರೆಂದು ಕರೆ ಮಾಡಿ ಒಟಿಪಿಯನ್ನು ಬಾಯಿಂದಲೇ ಹೇಳಿಸಿಕೊಳ್ಳುವವರಿಗೆ ಎರಡೂ ಫೋನುಗಳು ಒಂದೇ. ಸರಕಾರದ ಯಾವ ಯೋಜನೆಯ ಆ್ಯಪೂ ಅಪರಿಚಿತರ ಸಂದೇಶದಿಂದ ಬರುವದಿಲ್ಲ. ಪ್ಲೇ ಸ್ಟೋರಿನಿಂದಲೇ ಇಳಿಸಿಕೊಳ್ಳಬೇಕು. ಮೋಸವಾದುದು ತಿಳಿದ ಕ್ಷಣವೇ 1930 ಸಂಖ್ಯೆಗೆ ಕರೆ ಮಾಡಿ ತಿಳಿಸಿದರೆ ಹಣವನ್ನು ತಡೆಯುವ ಸಂಭವವುಂಟು. ತಡ ಮಾಡಿದಷ್ಟೂ ಆ ಸಂಭವವು ಕಡಿಮೆಯಾಗುವದು.

ತೀರ್ಮಾನ

ಮೇಲಿನ ವಿಚಾರದಿಂದ ಕೆಳಗಿನ ಮಾತುಗಳು ಸಿದ್ಧವಾಗುವವು.

1. ಮಳೆಯಾಶ್ರಿತ ಒಕ್ಕಲುತನವುಳ್ಳ, ಅಂತರ್ಜಾಲವನ್ನು ಬಳಸದ ಒಕ್ಕಲಿಗನು ನಿತ್ಯದ ಬಳಕೆಗೆ ಗುಂಡಿ ಫೋನನ್ನೇ ಇಟ್ಟುಕೊಳ್ಳುವದು ಹಿತಕರ. ಅದರಿಂದ ಅವನು ಯಾವ ಯೋಜನೆಗೂ ಹೊರಗಾಗುವದಿಲ್ಲ.

2. ದ್ರಾಕ್ಷಿ, ತರಕಾರಿ ಮೊದಲಾದ ತೋಟದ ಬೆಳೆಗಳುಳ್ಳವನಿಗೆ ರೋಗದ ಗುರುತು, ಹವಾಮಾನ, ಪೇಟೆಯ ಧಾರಣೆ ಇವು ದಿನದಿನವೂ ಬೇಕಾಗುವದರಿಂದ ಟಚ್ ಫೋನಿನ ಖರ್ಚು ಮರಳಿ ಬರುವದು.

3. ಕೂಡು ಕುಟುಂಬದ ಮನೆಗೆ ಒಂದು ಟಚ್ ಫೋನು ಸಾಕು, ಉಳಿದವು ಗುಂಡಿಯವಾಗಿರಲಿ.

4. ದಾಖಲೆಗಳಿಗೆ ಜೋಡಿಸಿದ ಸಂಖ್ಯೆಯ ಸಿಮ್ಮು ಹೊಲದ ಒಡೆಯನ ಸ್ವಂತ ಕಿಸೆಯಲ್ಲಿರಲಿ. ಒಡತಿಯ ಹೆಸರಿನಲ್ಲಿ ಹೊಲವಿದ್ದರೆ ಅದು ಅವಳ ಬಳಿಯಲ್ಲಿಯೇ ಇರಲಿ.

5. ಬೆಳೆ ಸಮೀಕ್ಷೆಯನ್ನು ಯಾರ ಫೋನಿನಿಂದ ಮಾಡಿಸಿದರೂ ಒಡೆಯನು ಹೊಲದಲ್ಲಿ ನಿಂತು, ಕಳಿಸುವ ಮುನ್ನ ಓದಿಸಿ ಕೇಳಬೇಕು. ಕಳಿಸಿದ ಮೇಲೆ ದಾಖಲೆಯನ್ನು ನೋಡಬೇಕು.

ಈ ಐದರಲ್ಲಿ ಮೊದಲಿನ ನಾಲ್ಕನ್ನು ತಪ್ಪಿಸಿದರೆ ಆಗುವ ನಷ್ಟವು ಕೆಲವು ಸಾವಿರ ರೂಪಾಯಿಗಳದು. ಐದನೆಯದನ್ನು ತಪ್ಪಿಸಿದರೆ ಒಂದು ವರ್ಷದ ಬೆಳೆಯ ಹಕ್ಕೇ ಹೋದೀತು. ಮಮದಾಪುರದ ಕೆರೆಯನ್ನು ಕಟ್ಟಿಸಿದವರು ನೀರು ತುಂಬಿದ ಮೇಲೆ ತೂಬಿನ ಕಾವಲನ್ನು ಮರೆತಿದ್ದರೆ ಅಷ್ಟು ದೊಡ್ಡ ಏರಿಯಿಂದ ಏನೂ ಪ್ರಯೋಜನವಾಗುತ್ತಿರಲಿಲ್ಲ. ಫೋನಿನ ವಿಷಯವೂ ಅಂಥದೇ. ಗುಂಡಿಯದಾಗಲಿ ಗಾಜಿನದಾಗಲಿ, ತನ್ನ ಹೊಲದ ಹೆಸರಿನಲ್ಲಿ ಅದರಿಂದ ಏನು ಬರೆಯಲ್ಪಡುತ್ತಿದೆಯೆಂಬದನ್ನು ತನ್ನ ಕಣ್ಣಿನಿಂದ ನೋಡುವ ಒಕ್ಕಲಿಗನಿಗೆ ಎರಡೂ ಒಳ್ಳೆಯ ಉಪಕರಣಗಳೇ. ನೋಡದವನಿಗೆ ಎರಡೂ ಭಾರವೇ. ಈ ಮುಂಗಾರಿನ ಸಮೀಕ್ಷೆ ಆರಂಭವಾಗುವ ಮೊದಲು ರೈತ ಬಾಂಧವರು ತಮ್ಮ ಸಂಖ್ಯೆ, ತಮ್ಮ ಫ್ರೂಟ್ಸ್ ನೋಂದಣಿ, ತಮ್ಮ ಪಹಣಿ ಈ ಮೂರನ್ನೂ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ತಾಳೆ ನೋಡಿಕೊಳ್ಳುವದು ಅವಶ್ಯ.